ಅಮ್ಮ ಫ್ಯಾಕ್ಟರಿಗೆ ಹೋದಾಗ ಮಗುವನ್ನು ಹೇಗೆ ನೋಡಿಕೊಳ್ಳಬೇಕು

ಕೋಲಾರದ ನರಸಾಪುರ, ವೇಮಗಲ್ ಕಡೆ ಕೆಲಸಕ್ಕೆ ಹೋಗುವ ಅಮ್ಮಂದಿರೇ, ಮಗುವನ್ನು ಬಿಟ್ಟು ಹೋಗ್ತೀವಲ್ಲ ಅನ್ನೋ ಕೊರಗು ಮೊದಲು ಬಿಡಿ. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಒಂದು ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷಗಟ್ಟಲೆ ಗಮನಿಸಿತು. ಅಮ್ಮನೊಬ್ಬಳೇ ನೋಡಿಕೊಂಡ ಮಕ್ಕಳಿಗೂ ಬೇರೆಯವರೂ ನೋಡಿಕೊಂಡ ಮಕ್ಕಳಿಗೂ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯವರು ಮಗುವಿನ ಜೊತೆ ಹೇಗಿರುತ್ತಾರೆ ಅನ್ನೋದೇ ಜಾಸ್ತಿ ಮುಖ್ಯವಾಗಿತ್ತು.

ಅಜ್ಜಿ ಹತ್ತಿರ ಬಿಡುತ್ತೀರಾ? ಹೊತ್ತಿಗೆ ಸರಿಯಾಗಿ ಊಟ ಕೊಟ್ಟರೆ ಸಾಲದು, ಮಗು ಜೊತೆ ಮಾತಾಡ್ತಾ ಇರಿ ಅಂತ ಹೇಳಿ. ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು, "ಇದು ಸಿಪ್ಪೆ, ಇದು ಕಾಳು, ಅಯ್ಯೋ ಹುಳ ನೋಡು" ಅನ್ನಬೇಕು, ಮಗು "ಉಳಾ" ಅಂದ್ರೆ "ಹೂಂ, ಹಸಿರು ಹುಳ" ಅಂತ ಮಾತು ಬೆಳೆಸಬೇಕು, ಮಗುವಿಗೆ ಭಾಷೆ ಬರೋದು ಹೀಗೇ ಅಲ್ವಾ. (ಕಾಳು ಬಾಯಿಗೆ ಹಾಕಿಕೊಳ್ಳದಂತೆ ಕಣ್ಣಿಟ್ಟಿರಿ.) ಮೊಬೈಲ್ ಕಾರ್ಟೂನು ಹೀಗೆ ತಿರುಗಿ ಮಾತಾಡಲ್ಲ.

ನೈಟ್ ಶಿಫ್ಟ್ ಮುಗಿಸಿ ಬಂದರೆ ಮೊದಲು ನಿದ್ದೆ ಮಾಡಿ. ಸ್ನಾನ, ತಿಂಡಿ ಅಪ್ಪ ನೋಡಿಕೊಳ್ಳಲಿ. ಎದ್ದ ಮೇಲೆ ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಮಗು ಜೊತೆ ಕೂತರೆ ಅದೇ ದೊಡ್ಡದು.

ಇನ್ನೊಂದು ವಿಷಯ. ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ಅಮ್ಮ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು. ಎಚ್.ಆರ್. ಹತ್ತಿರ ಕೇಳಿ, ಸಂಕೋಚ ಬೇಡ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು ಪಂಚಾಯಿತಿಯಲ್ಲಿ 'ಕೂಸಿನ ಮನೆ' (ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ಇದೆಯಾ ವಿಚಾರಿಸಿ.