ಆಂಟಿಬಯಾಟಿಕ್ ಶುರು ಮಾಡೋ ದಿನ ಶುಗರ್ ಮಾತ್ರೆನೂ ಡಾಕ್ಟರ್‌ಗೆ ತೋರಿಸಿ

ಜ್ವರ, ಕಫ, ಉರಿಮೂತ್ರ ಅಂತ ಡಾಕ್ಟರ್ ಹತ್ರ ಹೋಗಿ ಐದು ದಿನದ ಆಂಟಿಬಯಾಟಿಕ್ ಬರೆಸ್ಕೊಂಡು ಬರ್ತೀವಿ, ಶುಗರ್ ಮಾತ್ರೆ ವರ್ಷಗಳಿಂದ ನುಂಗ್ತಾ ಇರೋದೇ ಅಲ್ವಾ, ಅದನ್ನ ಅಲ್ಲಿ ಹೇಳ್ಬೇಕು ಅಂತ ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ. ಆದ್ರೆ ಕೆಲವು ಆಂಟಿಬಯಾಟಿಕ್‌ಗಳು ಕೆಲವು ಶುಗರ್ ಮಾತ್ರೆ ಜೊತೆ ಸೇರಿದ್ರೆ ಶುಗರ್ ಕುಸಿದು ಪ್ರಜ್ಞೆ ತಪ್ಪೋವರೆಗೂ ಹೋಗ್ಬಹುದು. ವಯಸ್ಸಾದವರು, ಕಿಡ್ನಿ ತೊಂದರೆ ಇರೋರು ಇದನ್ನ ದಯವಿಟ್ಟು ಪೂರ್ತಿ ಓದಿ.

ಮೊದಲು ನೀವು ತಗೊಳ್ತಿರೋ ಮಾತ್ರೆ ಯಾವ್ದು ಅಂತ ಸ್ಟ್ರಿಪ್ ತಿರುಗಿಸಿ ನೋಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್ ಇವೆಲ್ಲ ಸಲ್ಫೊನೈಲ್‌ಯೂರಿಯಾ ಗುಂಪಿನವು, ಹೊಟ್ಟೆ ಖಾಲಿ ಇದ್ರೂ ಇನ್ಸುಲಿನ್ ಹೊರಡಿಸ್ತಾನೇ ಇರ್ತವೆ. ಎಷ್ಟೋ ಸಲ ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯೊಳಗೆ ಸೇರಿರುತ್ತೆ, ಅದಕ್ಕೇ ಬ್ರಾಂಡ್ ಹೆಸರು ನಂಬ್ಬೇಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಶುಗರ್ ತೀರಾ ಇಳಿಯೋದು ಅಪರೂಪ. ಇನ್ಸುಲಿನ್ ತಗೊಳ್ಳೋರೂ ಹುಷಾರಾಗೇ ಇರ್ಬೇಕು.

ಆಮೇಲೆ ಹೊಸ ಚೀಟಿ ನೋಡಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಹೀಗೆ 'ಫ್ಲಾಕ್ಸಾಸಿನ್' ಅಂತ ಮುಗಿಯೋ ಹೆಸರಿದ್ರೆ ಒಂದು ನಿಮಿಷ ನಿಲ್ಲಿ. ಸಲ್ಫೊನೈಲ್‌ಯೂರಿಯಾ ಪ್ಯಾಂಕ್ರಿಯಾಸ್‌ನ ಬೀಟಾ ಕೋಶದಲ್ಲಿ (ಇನ್ಸುಲಿನ್ ತಯಾರಾಗೋ ಜಾಗ) ಯಾವ ಪೊಟ್ಯಾಶಿಯಂ ಬಾಗಿಲು ಮುಚ್ಚಿ ಇನ್ಸುಲಿನ್ ಹೊರಡಿಸುತ್ತೋ ಇವೂ ಅದೇ ಬಾಗಿಲನ್ನ ಮುಚ್ಚಬಲ್ಲವು, ಎರಡೂ ಸೇರಿದ್ರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಕೆಲವರಿಗೆ ಉಲ್ಟಾ, ಶುಗರ್ ಏರಿಬಿಡುತ್ತೆ. ಇದೇ ಗುಂಪಿನ ಗ್ಯಾಟಿಫ್ಲಾಕ್ಸಾಸಿನ್ ಮಾತ್ರೆ ಈ ಕಾರಣಕ್ಕೇ ಅಮೆರಿಕದ ಮಾರುಕಟ್ಟೆಯಿಂದ 2006ರಲ್ಲಿ ಹೋಯ್ತು, ಉಳಿದವುಗಳ ಲೇಬಲ್ ಮೇಲೆ ಶುಗರ್ ಕುಸಿದು ಕೋಮಾಕ್ಕೆ ಹೋಗ್ಬಹುದು ಅನ್ನೋ ಎಚ್ಚರಿಕೆಯನ್ನ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಇನ್ನೂ ಬಿಗಿ ಮಾಡಿಸ್ತು.

ಕೋ-ಟ್ರೈಮಾಕ್ಸಜೋಲ್, ಕ್ಲಾರಿಥ್ರೊಮೈಸಿನ್, ಫಂಗಸ್‌ಗೆ ಕೊಡೋ ಫ್ಲುಕೊನಜೋಲ್ ಇವು ಸಲ್ಫೊನೈಲ್‌ಯೂರಿಯಾ ಮೈಯಲ್ಲೇ ಜಾಸ್ತಿ ಉಳಿಯೋ ಹಾಗೆ ಮಾಡಬಲ್ಲವು, ಅಂದ್ರೆ ದಿನಾ ತಗೊಳ್ಳೋ ಡೋಸೇ ಹೆಚ್ಚಾಗಿಬಿಡುತ್ತೆ. ಟಿಬಿಗೆ ಕೊಡೋ ರಿಫಾಂಪಿಸಿನ್ ಮಾತ್ರ ಲಿವರ್ ಚುರುಕು ಮಾಡಿ ಶುಗರ್ ಮಾತ್ರೆಯನ್ನ ಬೇಗ ಕರಗಿಸಿಬಿಡುತ್ತೆ, ಶುಗರ್ ಏರುತ್ತೆ.

ಈಗ ಡಾಕ್ಟರ್‌ಗೆ ನೇರವಾಗಿ ಕೇಳಿ, 'ನಾನು ಈ ಶುಗರ್ ಮಾತ್ರೆ ತಗೊಳ್ತೀನಿ, ಈ ಆಂಟಿಬಯಾಟಿಕ್ ಜೊತೆ ಆಗುತ್ತಾ, ಡೋಸ್ ಕಮ್ಮಿ ಮಾಡ್ಬೇಕಾ?' ಬೇರೆ ಔಷಧಿ ಬರೆಯೋಕೆ ಆಗ್ಬಹುದು. ನೀವಾಗಿ ನೀವೇ ಯಾವ್ದನ್ನೂ ನಿಲ್ಲಿಸೋಕೆ ಹೋಗ್ಬೇಡಿ, ಅರ್ಧಕ್ಕೆ ಬಿಟ್ಟ ಸೋಂಕೂ ಅಪಾಯವೇ.

ಕೋರ್ಸ್ ನಡೀತಿರೋವಾಗ ಎಷ್ಟು ಸಲ ಶುಗರ್ ನೋಡ್ಬೇಕು ಅಂತ ಅವರನ್ನೇ ಕೇಳಿ, ಮಾಮೂಲಿಗಿಂತ ಜಾಸ್ತಿ ಸಲ ನೋಡ್ಲೇಬೇಕು. ಸೋಂಕೇ ಶುಗರ್ ಏರಿಸುತ್ತೆ, ವಾಂತಿ ಆಗಿ ಊಟ ಬಿಟ್ರೆ ಇಳಿಯುತ್ತೆ, ಹಾಗಾಗಿ ಅಂದಾಜಿಗೆ ಸಿಗಲ್ಲ. ಬೆವರು, ಕೈ ನಡುಕ, ಎದೆ ಡವಡವ, ತಡೆಯೋಕಾಗದ ಹಸಿವು, ಮಾತು ತೊದಲೋದು ಕಂಡ್ರೆ ತಕ್ಷಣ ಚೆಕ್ ಮಾಡಿ. ಬಿಪಿ, ಹಾರ್ಟ್‌ಗೆ ಬೀಟಾ ಬ್ಲಾಕರ್ ತಗೊಳ್ಳೋರಿಗೆ ನಡುಕ, ಡವಡವ ಗೊತ್ತೇ ಆಗ್ದೆ ಇರ್ಬಹುದು, ಆದ್ರೆ ಬೆವರು ಬರುತ್ತೆ.

70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ಗ್ಲೂಕೋಸ್, ಇಲ್ಲಾಂದ್ರೆ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದ್ರೆ ಇನ್ನೊಂದ್ಸಲ. ಅಕಾರ್ಬೋಸ್, ವೊಗ್ಲಿಬೋಸ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರಿಗೆ ಸಕ್ಕರೆ ಬೇಗ ಕೆಲಸ ಮಾಡಲ್ಲ, ಗ್ಲೂಕೋಸೇ ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕ್ಬೇಡಿ, ಆಂಬುಲೆನ್ಸ್ ಕರೀರಿ.

ಶುಗರ್ 110 ಆಯ್ತು, ಎದ್ದು ಕೂತ್ರು, ಇನ್ನು ಸರಿಹೋಯ್ತು ಅಂದ್ಕೊಂಡು ಮಲಗಿಸಿಬಿಡೋದೇ ನನಗೆ ತುಂಬಾ ಭಯ ಹುಟ್ಟಿಸೋ ವಿಷಯ. ಸಲ್ಫೊನೈಲ್‌ಯೂರಿಯಾ ಇನ್ನೂ ಮೈಯಲ್ಲಿರುತ್ತೆ, ಕೆಲವು ಗಂಟೆ ಆದ್ಮೇಲೆ ಶುಗರ್ ಮತ್ತೆ ಕುಸೀಬಹುದು, ಕಿಡ್ನಿ ವೀಕ್ ಇದ್ರಂತೂ ಒಂದು ದಿನಕ್ಕೂ ಜಾಸ್ತಿ ಹೀಗೇ ನಡೀಬಹುದು. ಅದಕ್ಕೇ ಏನಾದ್ರೂ ತಿನ್ನಿಸಿ, ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಎರಡೂ ಮಾತ್ರೆ ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡೇ ಹೋಗಿ.