ನಕ್ಕವರೇ ಈಗ ಡಬ್ಬಿ ಹಿಡಿದು ಬರುತ್ತಾರೆ: ನನ್ನ ಎಂ20ರ ಕಂದು ಬಣ್ಣ

ಮಿಲಿಟರಿ ಗಾಡಿ ಅಂದರೆ ಹಸಿರು. ನಮ್ಮ ಹಳೇ ಬೈಕಿನವರ ಗುಂಪಿನಲ್ಲಿ ಇದು ವೇದವಾಕ್ಯ. ನನ್ನ 1942ರ ಬಿಎಸ್‌ಎ ಎಂ20ಗೆ (ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಸಿದ ಬೈಕ್) ಕಂದು ಬಣ್ಣ ಹಚ್ಚುತ್ತೇನೆ, ಅದೂ ಸ್ಪ್ರೇ ಅಲ್ಲ, ಬ್ರಷ್‌ನಲ್ಲಿ ಅಂದ ದಿನ ನಗದೇ ಇದ್ದವರು ಯಾರೂ ಇಲ್ಲ. "ಏನ್ ಸಾರ್, ಕೊಬ್ಬರಿ ಕೋಣೆಯಿಂದ ತಂದಿದ್ದಕ್ಕೆ ತೆಂಗಿನ ನಾರಿನ ಬಣ್ಣಾನೇ ಹೊಡೀತೀರಾ?" ಅಂದರು ಒಬ್ಬರು. ಇನ್ನೊಬ್ಬರದು, "ಬ್ರಷ್‌ನಲ್ಲಿ ಬಳಿದರೆ ಕಾಂಪೌಂಡ್ ಗೇಟ್ ಥರ ಕಾಣುತ್ತೆ ಬಿಡಿ." ನಾಲ್ಕು ವರ್ಷ ಆಯ್ತು. ಮೂರು ಸಲ ಬಣ್ಣ ಕೆರೆದು ಹಾಕಿದ್ದೇನೆ. ಈಗ ಗಾಡಿ ನಿಂತಿದೆ, ನೋಡೋಕೆ ಬನ್ನಿ.

ಕೊಬ್ಬರಿ ಕೋಣೆ ಸುಳ್ಳಲ್ಲ. ತಿಪಟೂರು ಕಡೆ ಒಂದು ತೋಟದ ಮನೆಯಲ್ಲಿ ಸಿಕ್ಕಿದ್ದು. ಯುದ್ಧ ಮುಗಿದ ಮೇಲೆ ಬೆಂಗಳೂರು ದಂಡಿನ ಡಿಸ್ಪೋಸಲ್ ಹರಾಜಿನಲ್ಲಿ ಆ ಮನೆಯ ಅಜ್ಜ ಹಿಡಿದಿದ್ದಂತೆ. ಒಂದು ಲಕ್ಷದ ಮೂವತ್ತೋ ಮೂವತ್ತೈದೋ ಸಾವಿರ ಕೊಟ್ಟೆ. ಟೆಂಪೋ ಬಾಡಿಗೆ ಬೇರೆ. ಎಂಜಿನ್ ಮೇಲೂ ಫ್ರೇಮ್ ಮೇಲೂ ಡಬ್ಲ್ಯುಎಂ20 ಅಂತ, ಯುದ್ಧದ ಗಾಡಿಯ ಗುರುತು ಇತ್ತು, ಅದೊಂದು ಸಮಾಧಾನ. ಉಳಿದದ್ದೆಲ್ಲ ಮದುವೆ ಗಂಡಿನ ಅಲಂಕಾರ. ಟ್ಯಾಂಕಿಗೆ ಕೆಂಪು, ಹ್ಯಾಂಡಲ್, ರಿಮ್, ಹೆಡ್‌ಲೈಟ್ ಎಲ್ಲಕ್ಕೂ ಫಳಫಳ ಕ್ರೋಮ್, ಮುಂದೆ ಚಕ್ರ ಹಿಡಿಯುವ ಹಳೇ ಕಾಲದ ಗರ್ಡರ್ ಫೋರ್ಕ್ ಇರಬೇಕಾದ ಜಾಗದಲ್ಲಿ ಬುಲೆಟ್ ಫೋರ್ಕ್. ಯುದ್ಧಕ್ಕೆ ಅಂತ ಒಂದೂಕಾಲು ಲಕ್ಷ ಎಂ20 ಮಾಡಿದ್ದಾರೆ, ಹಾಗಾಗಿ ಗಾಡಿ ಅಪರೂಪದ್ದೇನಲ್ಲ. ಯಾರೂ ಕೈಯಾಡಿಸದ ಗಾಡಿ ಅಪರೂಪ.

ಮೊದಲ ಕೆಲಸ ಕೆರೆಯೋದು. ಆದರೆ ಪೇಂಟ್ ರಿಮೂವರ್ ಮುಟ್ಟಲಿಲ್ಲ. ಟ್ಯಾಂಕಿನ ಪಕ್ಕದಲ್ಲಿ ಅಂಗೈಯಷ್ಟು ಜಾಗಕ್ಕೆ 800ರ ವಾಟರ್ ಪೇಪರ್, ಆಮೇಲೆ 1000, ಆಮೇಲೆ 1500. ಸುತ್ತಿ ಸುತ್ತಿ ನಿಧಾನವಾಗಿ ಉಜ್ಜಿದರೆ ಕೊಯ್ದ ಮರದ ದಿಮ್ಮಿಯ ಹಾಗೆ ಉಂಗುರಗಳು ಕಾಣುತ್ತವೆ. ಹೊರಗಿನಿಂದ ಕೆಂಪು, ಕಪ್ಪು, ಇನ್ನೊಂದು ಕೆಂಪು, ಕಡು ಹಸಿರು. ಅದರ ಒಳಗೆ ಕಂದು.

"ಅದು ಪ್ರೈಮರ್ ಸಾರ್, ರೆಡ್ ಆಕ್ಸೈಡ್" ಅಂದರು ಎಲ್ಲರೂ. ನನಗೂ ಅನುಮಾನ ಬಂತು, ಯಾಕೆ ಸುಳ್ಳು ಹೇಳಲಿ. ಮ್ಯಾಗ್‌ಡೈನೋ (ಕಿಡಿಗೂ ಲೈಟಿಗೂ ಕರೆಂಟ್ ಕೊಡುವ ಯಂತ್ರ) ಬಿಗಿಯುವ ಪಟ್ಟಿಯ ಕೆಳಗೆ, ಟೂಲ್‌ಬಾಕ್ಸ್ ಮುಚ್ಚಳದ ಒಳಗೆ, ಎಲ್ಲಿ ನೋಡಿದರೂ ಅದೇ ಕಂದು. ಪ್ರೈಮರ್ ಆಗಿದ್ದರೂ ಅಲ್ಲೆಲ್ಲ ಇರುತ್ತೆ, ಅಲ್ವಾ? ಒಂದು ತಿಂಗಳು ಹಾಗೇ ಬಿಟ್ಟೆ. ಆಮೇಲೆ ಒಂದು ರಾತ್ರಿ ಟ್ಯಾಂಕಿನ ಇನ್ನೊಂದು ಬದಿ ಉಜ್ಜುತ್ತಿದ್ದಾಗ ಹಸಿರಿನ ಕೆಳಗೆ ಬಿಳಿ ಗೀರು ಬಂತು. ಪೇಪರ್ ಬಿಸಾಕಿ, ಒದ್ದೆ ಬಟ್ಟೆಗೆ ಬ್ರಾಸೋ ಪಾಲಿಶ್ ಹಾಕಿಕೊಂಡು ಎರಡು ಗಂಟೆ ಉಜ್ಜಿದೆ. ಮೊದಲು ಇಂಗ್ಲಿಷಿನ 'ಸಿ' ಅಕ್ಷರ, ಆಮೇಲೆ ಅಂಕಿಗಳು. ಸೈನ್ಯದ ಸೆನ್ಸಸ್ ನಂಬರ್, ಅಂದರೆ ಗಾಡಿಯ ನೋಂದಣಿ ಸಂಖ್ಯೆ. ಅವರ ಲೆಕ್ಕದಲ್ಲಿ ಮೋಟಾರ್ ಸೈಕಲ್‌ಗಳಿಗೆಲ್ಲ ಸಿ. ಆ ಬಿಳಿ ಕೂತಿದ್ದು ಕಂದಿನ ಮೇಲೆ, ಹಸಿರಿನ ಕೆಳಗೆ. ಪ್ರೈಮರ್ ಮೇಲೆ ಯಾರಾದರೂ ನಂಬರ್ ಬರೀತಾರಾ? ಅವತ್ತಿಗೆ ನನ್ನ ವಾದ ಮುಗೀತು. ಬೇರೆಯವರದು ಮುಗಿಯಲಿಲ್ಲ.

ಯಾಕೆ ಕಂದು ಅಂತ ಕೇಳುವವರಿಗೆ ಒಂದೇ ಮಾತು. ಬ್ರಿಟಿಷರ ಗಾಡಿಗಳಿಗೆ ಯುದ್ಧ ಶುರುವಾದಾಗ ಖಾಕಿ ಹಸಿರು ಇತ್ತು. ಆಮೇಲೆ ಹಸಿರಿಗೆ ಬೇಕಾದ ಕ್ರೋಮಿಯಂ ಆಕ್ಸೈಡ್‌ಗೆ ತತ್ವಾರ ಬಂತು. ಅದಕ್ಕೇ 1942ರ ಹೊತ್ತಿಗೆ ಎಸ್‌ಸಿಸಿ 2 ಅನ್ನೋ ಕಂದು ಬಂತು. 1944ರಲ್ಲಿ ಅಮೆರಿಕದವರ ಗಾಡಿಗಳಿಗೆ ಹೊಂದಲಿ ಅಂತ ಆಲಿವ್ ಡ್ರ್ಯಾಬ್ ಅನ್ನೋ ಮಂಕು ಹಸಿರು. ನಮ್ಮವರು ನೋಡಿರುವುದೆಲ್ಲ ಕೊನೆಯದನ್ನೇ.

ಬಣ್ಣ ಯಾವುದು ಅಂತ ಗೊತ್ತಾಯಿತು. ಅದನ್ನು ಮಾಡುವುದರಲ್ಲಿ ದುಡ್ಡು ಹೋಯಿತು. ಮೊದಲ ಸಲ ಒಂದು ಬಾಡಿ ಶಾಪಿಗೆ ಕೊಟ್ಟೆ. ಟೂ-ಕೆ ಮ್ಯಾಟ್ (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವ, ಹೊಳಪಿಲ್ಲದ ಬಣ್ಣ), ಕಂಪ್ಯೂಟರ್ ಮ್ಯಾಚಿಂಗ್, ಹದಿನೆಂಟು ಸಾವಿರ. ಬಂದಿದ್ದು ಪ್ಲಾಸ್ಟಿಕ್ ಆಟಿಕೆ. ಮೊಣಕಾಲು ತಾಗಿದ ಜಾಗ ಹದಿನೈದು ದಿನದಲ್ಲಿ ಮಿರಮಿರ ಮಿಂಚತೊಡಗಿತು. ಕೇಳಿದರೆ "ಮ್ಯಾಟ್ ಅಂದ್ರೆ ಹಾಗೇ ಸಾರ್" ಅಂದರು. ಕೆರೆದೆ. ಎರಡನೇ ಸಲ ಮನೆಯಲ್ಲೇ ಸಿಂಥೆಟಿಕ್ ಎನಾಮೆಲ್‌ಗೆ ಮುಖಕ್ಕೆ ಹಚ್ಚುವ ಪೌಡರ್ ಬೆರೆಸಿದೆ. ನಗಬೇಡಿ, ಎರಡು ವಾರ ಮ್ಯಾಟ್ ಚೆನ್ನಾಗೇ ಇತ್ತು, ಗ್ಯಾರೇಜ್ ಘಮ್ಮೆನ್ನುತ್ತಿತ್ತು. ಒಂದು ಮಳೆ ಬಿತ್ತು. ಟ್ಯಾಂಕ್ ಮೇಲೆ ಸುಣ್ಣ ಇಳಿದ ಹಾಗೆ ಗೆರೆಗಳು. ಅದನ್ನೂ ಕೆರೆದೆ. ಮೂರನೆಯದು ಕೆಟ್ಟಿದ್ದು ನನ್ನದೇ ಆತುರಕ್ಕೆ. ಒಂದು ಕೋಟ್ ಒಣಗುವ ಮೊದಲೇ ಇನ್ನೊಂದು ಹೊಡೆದೆ, ಹಾಲಿನ ಕೆನೆಯ ಹಾಗೆ ಸುಕ್ಕು ಬಂತು.

ಕೈಹಿಡಿದಿದ್ದು ಹಳೇ ಕಾಲದ ದಾರಿ. ಅದೇ ಸಿಂಥೆಟಿಕ್ ಎನಾಮೆಲ್. ಡಾರ್ಕ್ ಬ್ರೌನ್ ಅರ್ಧ ಲೀಟರಿಗೆ ಎರಡು ಚಮಚದಷ್ಟು ಕಪ್ಪು, ಸ್ವಲ್ಪ ಹಳದಿ, ಬೆರಳ ತುದಿಯಷ್ಟು ಹಸಿರು. ಡಬ್ಬಿ ತೆರೆದು ಎರಡು ದಿನ ಬಿಟ್ಟು, ಮೇಲೆ ತೇಲಿದ ಎಣ್ಣೆ ಬಗ್ಗಿಸಿ ತೆಗೆದೆ. ತೆಳ್ಳಗೆ ಮಾಡೋಕೆ ಥಿನ್ನರ್ ಬೇಡ, ಟರ್ಪೆಂಟೈನ್. ಅದೂ ಜಾಸ್ತಿ, ಹೆಚ್ಚುಕಡಿಮೆ ಮಜ್ಜಿಗೆ ಆಗುವಷ್ಟು. ಎಣ್ಣೆ ಕಡಿಮೆಯಾದರೆ ಹೊಳಪೂ ಕಡಿಮೆ, ಅಷ್ಟೇ ವಿಷಯ. ತೇಯ್ದುಹೋದ ಎರಡಿಂಚಿನ ಬ್ರಷ್ಷೇ ಬೇಕು, ಹೊಸದು ಗೆರೆ ಬಿಡುತ್ತೆ. ಮೂರು ತೆಳು ಕೋಟ್, ಒಂದೊಂದಕ್ಕೂ ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಎರಡು ದಿನ. ಕೊನೆಗೆ ಗೋಣಿಚೀಲದ ತುಂಡಿನಿಂದ ಒಂದು ಸಲ ಉಜ್ಜುತ್ತೇನೆ. ಆ ಗೋಣಿಗೆ ಏನು ಹಚ್ಚಿಕೊಳ್ಳುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ನಾಲ್ಕು ವರ್ಷ ಕಳೆದಿದ್ದೇನೆ, ಅಷ್ಟು ಹಕ್ಕಿದೆ. ಬಣ್ಣದ ಖರ್ಚು ಒಟ್ಟು ಎರಡು ಸಾವಿರ ದಾಟಿಲ್ಲ. ಹದಿನೆಂಟು ಸಾವಿರದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಸೆನ್ಸಸ್ ನಂಬರಿನಲ್ಲಿ ಎರಡು ಅಂಕಿ ತುಕ್ಕು ತಿಂದಿತ್ತು. ಸುಮ್ನೆ ಏನೋ ಒಂದು ಬರೀರಿ, ಯಾರು ನೋಡ್ತಾರೆ ಅಂದರು. ಬರೆಯಲಿಲ್ಲ. ಉಳಿದ ಐದನ್ನು ಮೂಲದ ಗೀರುಗಳ ಮೇಲೇ ಟ್ರೇಸ್ ಮಾಡಿಕೊಂಡು ಬರೆದೆ, ಎರಡು ಜಾಗ ಖಾಲಿ ಬಿಟ್ಟೆ.

ಕ್ರೋಮ್ ವಿಷಯಕ್ಕೆ ಬರೋಣ. ಯುದ್ಧದ ಗಾಡಿಗೆ ಕ್ರೋಮ್ ಇರಲ್ಲ, ರಿಮ್ಮಿಗೂ ಬಣ್ಣವೇ. ಉಪ್ಪುಕಾಗದ ಹೊಡೆದು ಕ್ರೋಮ್ ಮೇಲೇ ಬಳಿದೆ. ಒಂದೇ ತಿಂಗಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಕೊನೆಗೆ ಪ್ಲೇಟಿಂಗ್‌ನವರ ಹತ್ತಿರವೇ ಕರೆಂಟ್ ತಿರುಗಿಸಿ ಕ್ರೋಮ್ ಬಿಚ್ಚಿಸಬೇಕಾಯಿತು. ಒಬ್ಬರು ಹ್ಯಾಂಡಲ್ ಬಾರನ್ನು ತೊಟ್ಟಿಯಲ್ಲಿ ಮರೆತು ಊಟಕ್ಕೆ ಹೋದರು. ವಾಪಸ್ ಬಂದಿದ್ದು ಗೆದ್ದಲು ತಿಂದ ಕೋಲು. ಇನ್ನೊಂದು ಹ್ಯಾಂಡಲ್‌ಗೆ ಆರು ಸಾವಿರ.

ಗರ್ಡರ್ ಫೋರ್ಕ್ ಸಿಕ್ಕಿದ್ದು ಸೇಲಂ ಕಡೆ ಒಂದು ಗುಜರಿಯಲ್ಲಿ, ಮೂವತ್ತೆಂಟು ಸಾವಿರಕ್ಕೆ. ಅದಕ್ಕಿಂತ ಮೊದಲು ಶಿವಾಜಿನಗರದ ಗುಜರಿಯನ್ನು ಹನ್ನೊಂದು ಭಾನುವಾರ ಜಾಲಾಡಿದ್ದೆ. ಸಿಕ್ಕ ಫೋರ್ಕ್ ಒಂದು ಕಡೆ ಸೊಟ್ಟಗಿತ್ತು. ಕಾಯಿಸಬೇಡಿ, ಪ್ರೆಸ್‌ನಲ್ಲಿ ತಣ್ಣಗೇ ಸರಿಮಾಡಿ. ಸ್ಪಿಂಡಲ್ ನಾಲ್ಕೂ, ಗನ್‌ಮೆಟಲ್ ಬುಶ್‌ಗಳೂ ನನ್ನ ಪೀಣ್ಯದ ಲೇತಿನಲ್ಲೇ ಆದವು. ನಾನು ಮೂವತ್ತು ವರ್ಷದಿಂದ ಟರ್ನರ್, ಇಲ್ಲಿ ಮಾತ್ರ ಯಾರ ಮಾತೂ ಕೇಳಲ್ಲ. ಸೈಕಲ್ ಥ್ರೆಡ್ಡಿನ (ಬ್ರಿಟಿಷರ ಹಳೇ ಇಂಚಿನ ಅಳತೆ) ತೂತುಗಳಿಗೆ ಯಾರೋ ಪುಣ್ಯಾತ್ಮ ಮೆಟ್ರಿಕ್ ಟ್ಯಾಪ್ ಹೊಡೆದಿದ್ದ. ಒಂದೊಂದಕ್ಕೂ ಬುಶ್ ಕೂರಿಸಿ ಮತ್ತೆ ಇಂಚಿಗೆ 26 ಥ್ರೆಡ್ ಕೊಯ್ದೆ. ಆಗ ಬೈದಷ್ಟು ನಾನು ಜೀವನದಲ್ಲಿ ಬೈದಿಲ್ಲ.

ಎಂಜಿನ್ ಬಗ್ಗೆ ಜಾಸ್ತಿ ಹೇಳಲ್ಲ, ಸೈಡ್ ವಾಲ್ವ್ ನಿಮಗೆಲ್ಲ ಗೊತ್ತಿದ್ದದ್ದೇ. ಕಾಡಿದ್ದು ಕಿಡಿ ಕೊಡುವ ಮ್ಯಾಗ್ನೆಟೋ. ತಣ್ಣಗಿದ್ದಾಗ ಒಂದೇ ಕಿಕ್, ಎಂಟು ಕಿಲೋಮೀಟರ್ ಹೋದರೆ ಸತ್ತುಹೋಗುತ್ತೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಒಂದೇ ಕಿಕ್. ಆರ್ಮೇಚರ್ ಎರಡು ಸಲ ಸುತ್ತಿಸಿದೆ, ಹನ್ನೊಂದು ಸಾವಿರ ನೀರು ಪಾಲು. ತಂತಿಯದು ತಪ್ಪೇ ಇರಲಿಲ್ಲ, ಒಳಗಿನ ಹಳೇ ಕಂಡೆನ್ಸರ್ ಬಿಸಿಗೆ ಲೀಕ್ ಆಗುತ್ತಿತ್ತು. ಈಗಿನ ಕಾಲದ ಕಡಲೆಕಾಳಿನಷ್ಟು ಕಂಡೆನ್ಸರ್ ಹಾಕಿದೆ. ಅದರ ರೇಟು ನಲವತ್ತು ರೂಪಾಯಿ! ನಂದಿ ಬೆಟ್ಟಕ್ಕೆ ಸೆಕೆಂಡ್ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿದೆ. 13 ಕುದುರೆ ಶಕ್ತಿ, 170 ಕಿಲೋ ಗಾಡಿ, ನಾನು ಎಂಬತ್ತೆಂಟು ಕಿಲೋ. ಹಿಂದೆ ಬಂದ ಹೊಸ ಬುಲೆಟ್‌ನವರು ನಿಲ್ಲಿಸಿ ಫೋಟೋ ತೆಗೆದುಕೊಂಡರು.

ಹಾಂ, ಆಯಿಲ್. ಎರಡು ದಿನ ನಿಲ್ಲಿಸಿದರೆ ಟ್ಯಾಂಕಿನ ಎಣ್ಣೆ ಎಂಜಿನ್ನಿಗೆ ಇಳಿಯುತ್ತೆ ಅಂತ ಕೆಲವರು ಪೈಪಿಗೆ ನಲ್ಲಿ ಹಾಕುತ್ತಾರೆ. ನಾನೂ ಹಾಕಿದ್ದೆ. ಒಂದು ಬೆಳಿಗ್ಗೆ ತಿರುಗಿಸೋಕೆ ಮರೆತೆ, ಎಂಜಿನ್ನಿಗೆ ಎಣ್ಣೆಯೇ ಇಲ್ಲ. ಬೀದಿ ತುದಿಗೆ ಹೋಗುವಷ್ಟರಲ್ಲಿ ನೆನಪಾಗಿದ್ದು ನಮ್ಮಪ್ಪನ ಪುಣ್ಯ. ಅವತ್ತೇ ಕಿತ್ತು ಬಿಸಾಕಿದೆ. ಪಂಪಿನ ಬಾಲ್ ವಾಲ್ವ್ ಸರಿಯಾಗಿ ಕೂರಿಸಿ, ಸಾಕು.

ಗಾಡಿಗಿಂತ ಹೆಚ್ಚು ಖುಷಿ ಕೊಟ್ಟಿದ್ದು ರಬ್ಬರ್ ಇಲ್ಲದ ಭಾಗಗಳು. 1942ರಲ್ಲಿ ಮಲಯ ಜಪಾನಿನವರ ಕೈಗೆ ಹೋದ ಮೇಲೆ ರಬ್ಬರ್ ಟೈರಿಗೇ ಸಾಲದಾಯಿತು. ಎಂ20ಗೆ ಫುಟ್‌ರೆಸ್ಟ್ ಬರೀ ಕಬ್ಬಿಣದ್ದಾಯಿತು, ಹ್ಯಾಂಡಲ್ ಗ್ರಿಪ್ ಕ್ಯಾನ್ವಾಸಿನದಾಯಿತು. ಕಂದು ಬಣ್ಣಕ್ಕೆ ಇದೇ ಜೋಡಿ. ಫುಟ್‌ರೆಸ್ಟ್ ಲೇತಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ಗ್ರಿಪ್ಪಿಗೆ ಮೊದಲು ಫೆವಿಕಾಲ್ ಹಾಕಿ ಕ್ಯಾನ್ವಾಸ್ ಸುತ್ತಿದೆ, ಬೆವರಿಗೆ ಬಿಚ್ಚಿಕೊಂಡು ಕೈಗೆ ಬಂತು. ಬಡಗಿಗಳ ಸರೇಸು ಹಾಕಿದೆ, ಮಳೆಗೆ ವಾಸನೆ ತಡೆಯಲಾಗಲಿಲ್ಲ. ಈಗಿರುವುದು ಚಪ್ಪಲಿ ಹೊಲಿಯುವವರು ಬಳಸುವ ಅಂಟು, ಎರಡು ಮಳೆಗಾಲ ದಾಟಿದೆ.

ಪಕ್ಕದ ಬ್ಯಾಗ್‌ಗಳಿಗೆ ಹೊಸ ಕ್ಯಾನ್ವಾಸ್ ಹೊಲಿಸಿದೆ. ಅದು ಹೊಸದಾಗೇ ಕಾಣುತ್ತೆ, ಏನು ಮಾಡೋದು? ಟೀ ಡಿಕಾಕ್ಷನ್‌ನಲ್ಲಿ ನೆನೆಸಿದೆ, ಸಾಲಲಿಲ್ಲ. ನಮ್ಮ ಮಾವನ ಊರಿಂದ ಒಂದು ಕ್ಯಾನ್ ಅಡಿಕೆ ಚೊಗರು ತರಿಸಿದೆ. ಕುದಿಸಿ ಅದ್ದಿದರೆ ಕೆಂಪೋ ಕೆಂಪು, ಕೊಲೆ ಮಾಡಿ ಬಂದ ಬ್ಯಾಗ್ ಥರ. ಮಗಳು ನಕ್ಕಿದ್ದೇ ನಕ್ಕಿದ್ದು. ಲೇತಿನ ಕಬ್ಬಿಣದ ಚೂರುಗಳನ್ನು ನೀರಿನಲ್ಲಿ ತುಕ್ಕು ಹಿಡಿಸಿ, ಆ ನೀರಿಗೆ ಇದೇ ಬ್ಯಾಗ್ ಅದ್ದಿದೆ. ಕಣ್ಣೆದುರೇ ಕೆಂಪು ಇಳಿದು ಮಣ್ಣು ಬಣ್ಣಕ್ಕೆ ಬಂತು. ಚೊಗರಿನ ಒಗರಿಗೂ ಕಬ್ಬಿಣಕ್ಕೂ ಕೂಡಿದರೆ ಕಪ್ಪಾಗುತ್ತೆ, ಹಾಗಾಗಿ ಜಾಸ್ತಿ ಹೊತ್ತು ಬಿಡಬೇಡಿ. ನಾನು ಬಿಟ್ಟಿದ್ದು ಹತ್ತು ನಿಮಿಷ ಇರಬೇಕು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಮನೆಯಲ್ಲಿ ಆ ಲೆಕ್ಕ ಇನ್ನೂ ತೀರಿಲ್ಲ.

ಒಟ್ಟು ಖರ್ಚು ಮೂರೂವರೆ ಲಕ್ಷದ ಹತ್ತಿರ. ಸರಿಯಾಗಿ ಬರೆದಿಡಲಿಲ್ಲ, ಬರೆದಿಟ್ಟಿದ್ದರೆ ಹೆಂಡತಿ ಓದುತ್ತಿದ್ದಳು. ಒಂದು ಕೊರತೆ ಇದೆ. ಎನಾಮೆಲ್‌ಗೆ ಪೆಟ್ರೋಲ್ ಆಗಿಬರಲ್ಲ, ಮುಚ್ಚಳದ ಸುತ್ತ ಚೆಲ್ಲಿದಲ್ಲೆಲ್ಲ ಗೆರೆ ಇಳಿದಿದೆ. ಸೈನಿಕರೇನು ಫನ್ನೆಲ್ ಇಟ್ಟು ಹಾಕುತ್ತಿದ್ದರಾ? ಇರಲಿ ಅಂತ ಬಿಟ್ಟಿದ್ದೇನೆ.

ಗೇಟಿನ ಮಾತಾಡಿದ್ದವರ ಹತ್ತಿರ ಒಂದು ನಾರ್ಟನ್ 16ಎಚ್ ಇದೆ, ಅದೂ ಬ್ರಿಟಿಷ್ ಸೈನ್ಯದ ಬೈಕೇ, ಹಸಿರು, ಶೋರೂಮ್ ಹೊಳಪು. ಹೋದ ತಿಂಗಳು ಟೂಲ್‌ಬಾಕ್ಸ್ ಮುಚ್ಚಳ ಒಂದನ್ನೇ ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಂಡು ನಮ್ಮ ಶೆಡ್ಡಿಗೆ ಬಂದರು. ಒಳಗೆ ಮೂಲೆಯಲ್ಲಿ ಉಗುರಿನಷ್ಟು ಕಂದು. "ಇದು ಪ್ರೈಮರ್ರಾ, ಅಲ್ವಾ, ನೀವೇ ನೋಡಿ ಹೇಳಿ" ಅಂದರು. ಉಪ್ಪಿನಕಾಯಿ ಬಾಟಲಿಯಲ್ಲಿ ಉಳಿದಿದ್ದ ಕಾಲು ಲೀಟರ್ ಬಣ್ಣ ಕೊಟ್ಟು ಕಳಿಸಿದೆ. ಟರ್ಪೆಂಟೈನ್ ಲೆಕ್ಕ, ಬ್ರಷ್, ಬಿಸಿಲು ಎಲ್ಲಾ ಹೇಳಿಕೊಟ್ಟೆ. ಗೋಣಿಯ ತುಂಡು ಮಾತ್ರ ಒಣಗಿದ್ದನ್ನೇ ಕೊಟ್ಟೆ.