ಸ್ಪೀಕರ್ ಬದಲಿಸುವ ಮುನ್ನ

ಹೊಸ ಆ್ಯಂಪ್ಲಿಫೈಯರಿಗೆ ಸ್ಪೀಕರ್ ಜೋಡಿಸಿ ಮೊದಲು ಹಾಕಿದ್ದು ಮೈಸೂರು ಬಾನಿಯ ಒಂದು ಹಳೆಯ ವೀಣೆ ಆಲ್ಬಂ. ಮೀಟು ಬಿದ್ದ ಕ್ಷಣ ಚೆನ್ನಾಗಿತ್ತು. ಅದರ ಹಿಂದೆ ಎಳೆದುಕೊಂಡು ಬರುವ ನಾದ ಮಾತ್ರ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಇದೇ ಸಂಗೀತವನ್ನು ಅಪ್ಪನ ಟೇಪ್ ರೆಕಾರ್ಡರಿನಲ್ಲಿ ಕೇಳಿ ಬೆಳೆದವನು ನಾನು. ಇಷ್ಟು ದುಡ್ಡು ಸುರಿದ ಮೇಲೂ ಅದಕ್ಕಿಂತ ಕಳಪೆಯಾಗಿ ಕೇಳಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಸ್ಪೀಕರಿನ ತಂತಿ ಬದಲಿಸಿ ನೋಡಿ ಎಂದರು ಅಂಗಡಿಯವರು. ಬೆಲೆ ಕೇಳಿ ಸುಮ್ಮನೆ ಮನೆಗೆ ಬಂದೆ.

ಫೋನಿನಲ್ಲಿ ಸಂಗೀತ ಕೇಳುವ ಆ್ಯಪಿನ ಸೆಟ್ಟಿಂಗ್ ತೆರೆದಾಗ ಮೊದಲ ಕಳ್ಳ ಸಿಕ್ಕಿದ. ಎಂದೋ ಬಸ್ ಪ್ರಯಾಣದಲ್ಲಿ ಡೇಟಾ ಉಳಿಸಲೆಂದು ಗುಣಮಟ್ಟವನ್ನು 96 ಕಿಲೋಬಿಟ್‌ಗೆ ಇಳಿಸಿ ಮರೆತಿದ್ದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಹರಿಯುತ್ತದೆ. ನಾನು ಕೇಳುತ್ತಿದ್ದುದು ಅದರ ಹದಿನೈದರಲ್ಲಿ ಒಂದು ಪಾಲು. ಜೋರು ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದನ್ನು ಕಿವಿ ಗಮನಿಸುವುದಿಲ್ಲ ಎಂಬ ಲೆಕ್ಕದಲ್ಲಿ ಅದನ್ನು ಎಸೆದು ಈ ಉಳಿತಾಯ ನಡೆಯುತ್ತದೆ. ವೀಣೆಯಲ್ಲಿ ಮೀಟು ಇಳಿದ ಮೇಲೆ ಮರೆಯೇ ಉಳಿಯುವುದಿಲ್ಲ, ಗುಟ್ಟು ರಟ್ಟಾಗುತ್ತದೆ.

320ಕ್ಕೆ ಏರಿಸಿದೆ. ಬ್ಲೂಟೂತ್ ಕೂಡ ಬಿಟ್ಟೆ. ಆ್ಯಪ್ ಬಿಡಿಸಿಕೊಟ್ಟ ಸಂಗೀತವನ್ನು ಅದು ಗಾಳಿಯಲ್ಲಿ ಕಳಿಸಲು ಮತ್ತೊಮ್ಮೆ ಹಿಂಡುತ್ತದೆ. ಬದಲಿಗೆ ಫೋನಿಗೆ ಒಂದು ಸಣ್ಣ ಯು.ಎಸ್.ಬಿ. ಡ್ಯಾಕ್ (ಅಂಕಿಗಳನ್ನು ಸದ್ದಿನ ವಿದ್ಯುತ್ ಅಲೆಯಾಗಿಸುವ ಸಾಧನ) ಸಿಕ್ಕಿಸಿ, ಅಲ್ಲಿಂದ ಆ್ಯಂಪ್ಲಿಫೈಯರಿಗೆ ತಂತಿ ಎಳೆದೆ. ಹೊಸ ಧ್ವನಿಮುದ್ರಣಗಳಲ್ಲಿ ಮೃದಂಗದ ಚಾಪು ಈಗ ಚರ್ಮದ ಮೇಲೆಯೇ ಬಿದ್ದಂತೆ ಕೇಳಿಸಿತು. ವೀಣೆಯ ಆಲ್ಬಮ್ಮಿನಲ್ಲಿ ಮಾತ್ರ ಅದೇ ನೀರು.

ಸರಿ, ಲಾಸ್‌ಲೆಸ್ ಚಂದಾಕ್ಕೂ, ಅಂದರೆ ಏನನ್ನೂ ಎಸೆಯದೆ ಕಳಿಸುವ ಸಂಗೀತಕ್ಕೂ, ದುಡ್ಡು ಕಟ್ಟಿದೆ. ಮಗಳನ್ನು ಫೋನಿನ ಬಳಿ ಕೂರಿಸಿ, ನಾನು ಬೆನ್ನು ತಿರುಗಿಸಿ ಕುಳಿತು, 320 ಯಾವುದು, ಲಾಸ್‌ಲೆಸ್ ಯಾವುದು ಎಂದು ಹತ್ತು ಸಲ ಊಹಿಸಿದೆ. ಆರು ಸರಿ. ನಾಣ್ಯ ಚಿಮ್ಮಿದ್ದರೂ ಸುಮಾರು ಐದು ಸರಿಯಾಗುತ್ತಿತ್ತು. (ಈ ಪರೀಕ್ಷೆ ಮಾಡುವವರು ಎರಡರ ಧ್ವನಿ ಮಟ್ಟವನ್ನು ಮೊದಲು ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಮೊದಲ ದಿನ ನಾನು ಹಾಗೆಯೇ ಮೋಸಹೋಗಿದ್ದೆ.)

ಹಾಗಾದರೆ ವೀಣೆಗೆ ಏನಾಗಿದೆ? ಲ್ಯಾಪ್‌ಟಾಪಿನಲ್ಲಿ ಆ ಆಲ್ಬಂ ನುಡಿಸಿ, ಅರ್ಧ ನಿಮಿಷವನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಹಿಡಿದು, ಯಾವ ಎತ್ತರದ ಸದ್ದು ಎಷ್ಟಿದೆ ಎಂದು ತೋರಿಸುವ ಚಿತ್ರವಾದ ಸ್ಪೆಕ್ಟ್ರೋಗ್ರಾಮ್ ತೆರೆದೆ. ಕ್ಯಾಸೆಟ್ಟಿನ ಸುಯ್ ಎನ್ನುವ ಸದ್ದು ಮಂಜಿನಂತೆ ಮೇಲೇರುತ್ತಾ ಹೋಗಿ 16 ಕಿಲೋಹರ್ಟ್ಸ್‌ನಲ್ಲಿ ಥಟ್ಟನೆ ನಿಂತಿತ್ತು. ಅಲ್ಲಿಂದಾಚೆ ಕಗ್ಗತ್ತಲು, ಅಳತೆಪಟ್ಟಿ ಇಟ್ಟು ಬ್ಲೇಡಿನಲ್ಲಿ ಕೊಯ್ದ ಹಾಗೆ. 128 ಕಿಲೋಬಿಟ್‌ನ ಎಂಪಿ3 ಮಾಡುವಾಗ ಸಾಮಾನ್ಯವಾಗಿ ಕತ್ತರಿ ಬೀಳುವುದು ಅಲ್ಲಿಯೇ. ಯಾರೋ ಹಿಂದೆಂದೋ ಮಾಡಿಟ್ಟ ಎಂಪಿ3ಯನ್ನೇ ದೊಡ್ಡ ಕಡತವಾಗಿ ಊದಿಸಿ, ಮೇಲೆ ಲಾಸ್‌ಲೆಸ್ ಚೀಟಿ ಅಂಟಿಸಿರಬೇಕು. ನೀರು ಬೆರೆತ ಹಾಲನ್ನು ಬೆಳ್ಳಿ ಚೊಂಬಿನಲ್ಲಿ ತಂದುಕೊಟ್ಟರೆ ಕೆನೆ ಕಟ್ಟುತ್ತದೆಯೇ?

ಅಟ್ಟದಿಂದ ಅಪ್ಪನ ಕ್ಯಾಸೆಟ್ ಇಳಿಸಿದೆ. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ‘ಎ’ ಬದಿಯನ್ನು ಲ್ಯಾಪ್‌ಟಾಪಿಗೆ ಹರಿಸಿ ಫ್ಲ್ಯಾಕ್ ಎಂಬ ಲಾಸ್‌ಲೆಸ್ ಕಡತ ಮಾಡಿದೆ. ಇದರ ಸ್ಪೆಕ್ಟ್ರೋಗ್ರಾಮಿನಲ್ಲಿ ಮಂಜು ಎಲ್ಲಿಯೂ ಕಡಿಯದೆ ತೆಳುವಾಗುತ್ತಾ ಕರಗಿಹೋಗುತ್ತದೆ. ಸುಯ್ ಸದ್ದು ಆ್ಯಪಿನದಕ್ಕಿಂತ ಹೆಚ್ಚಿದೆ, ನಿಜ. ಒಂದು ಕಡೆ ಟೇಪ್ ಸುಕ್ಕಾಗಿ ಶ್ರುತಿಯೂ ಅರೆಕ್ಷಣ ತೂಗುತ್ತದೆ. ಆದರೆ ಮಂದ್ರದಲ್ಲಿ ಮೀಟಿದ ಸ್ವರ ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಆ ಸುಯ್‌ನೊಳಗೆ ಇಳಿಯುವವರೆಗೂ ಸ್ವರವಾಗಿಯೇ ಉಳಿಯುತ್ತದೆ. ಅದಾದ ಮೇಲೆ ತಾಳದ ತಂತಿಯನ್ನು ಕಿರುಬೆರಳು ಸವರುವುದೂ ಕೇಳಿಸುತ್ತದೆ.

ಲಾಸ್‌ಲೆಸ್ ಚಂದಾ ನಿಲ್ಲಿಸಿದ್ದೇನೆ. ‘ಬಿ’ ಬದಿ ಇನ್ನೂ ಬಾಕಿ ಇದೆ, ಡೆಕ್ಕಿನ ಬೆಲ್ಟ್ ಜಾರತೊಡಗಿದೆ. ಅದು ಸಿಗುವ ಅಂಗಡಿಯನ್ನು ಹುಡುಕುತ್ತಿದ್ದೇನೆ.